ಲೇಸರ್ ಬೆಸುಗೆಯ ಟೈಟಾನಿಯಂ ಬಾರ್: ಮಾದರಿಯ ಮೇಲೆ ಕೂತಂತೆಯೇ ಬಾಯಲ್ಲೂ ಕೂರಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಲೋಹ ವಿಭಾಗದ ತಂತ್ರಜ್ಞ

ಎಲ್ಲರಿಗೂ ನಮಸ್ಕಾರ. ದಂತ ಪ್ರಯೋಗಾಲಯದಲ್ಲಿ ಲೋಹದ ಕೆಲಸ ನೋಡಿಕೊಳ್ಳುವ ತಂತ್ರಜ್ಞ ನಾನು. ಕೋಬಾಲ್ಟ್-ಕ್ರೋಮಿಯಂ ಎರಕವೂ ಜ್ವಾಲೆಯ ಬೆಸುಗೆಯೂ ನನಗೆ ಹಳೆಯ ಪರಿಚಯ. ಟೈಟಾನಿಯಂ ಮಾತ್ರ ಹೊಸದು. ಹಲ್ಲುಗಳೆಲ್ಲ ಹೋಗಿರುವ ಕೆಳದವಡೆಯೊಂದರ ಮುಂಭಾಗದಲ್ಲಿ ನಾಲ್ಕು ಇಂಪ್ಲಾಂಟ್‌ಗಳಿದ್ದು (ಮೂಳೆಯಲ್ಲಿ ನೆಟ್ಟ ಕೃತಕ ಬೇರುಗಳು), ಅವುಗಳ ಮೇಲೆ ಮಲ್ಟಿ-ಯೂನಿಟ್ ಅಬಟ್‌ಮೆಂಟ್‌ಗಳನ್ನು (ಬಾರ್ ಕೂರುವ ಜೋಡಣೆ ತುಂಡುಗಳನ್ನು) ಈಗಾಗಲೇ ಕೂರಿಸಲಾಗಿದೆ. ಈ ನಾಲ್ಕನ್ನೂ ಜೋಡಿಸುವ ಟೈಟಾನಿಯಂ ಬಾರ್ ಮಾಡಿ, ಅದರ ಮೇಲೆ ಕ್ಲಿಪ್‌ಗಳ ಹಿಡಿತದಿಂದ ನಿಲ್ಲುವ, ರೋಗಿಯೇ ತೆಗೆದು ಹಾಕಿಕೊಳ್ಳಬಹುದಾದ ಡೆಂಚರ್ ಕೊಡಬೇಕೆಂದು ವೈದ್ಯರು ಕೇಳಿದ್ದಾರೆ. ಅಬಟ್‌ಮೆಂಟಿನ ಮೇಲೆ ಸ್ಕ್ರೂವಿನಿಂದ ಕೂರುವ ಸಿದ್ಧ ಟೈಟಾನಿಯಂ ಸಿಲಿಂಡರ್‌ಗಳು, ಮೊಟ್ಟೆಯಾಕಾರದ ಅಡ್ಡಕೊಯ್ತವುಳ್ಳ ಸಿದ್ಧ ಬಾರ್ ತುಂಡುಗಳು ಹಾಗೂ ಗಾಳಿಯನ್ನು ದೂರವಿಡುವ ಆರ್ಗಾನ್ ಅನಿಲದ ನಳಿಕೆಯಿರುವ, ಬಿಡಿ ಮಿಡಿತಗಳಲ್ಲಿ (ಪಲ್ಸ್) ಕಿರಣ ಹಾಯಿಸುವ ಎನ್‌ಡಿ-ಯಾಗ್ ಲೇಸರ್ ಯಂತ್ರ ನಮ್ಮಲ್ಲಿವೆ.

ರೋಗಿಯ ಕೆಲಸಕ್ಕೆ ಕೈಹಾಕುವ ಮೊದಲು ಬೇಡದ ತುಂಡುಗಳ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ, ಮತ್ತು ಆ ಅಭ್ಯಾಸದಿಂದಲೇ ಕೆಲವು ಸಂದೇಹಗಳು ಹುಟ್ಟಿವೆ. ಎಲ್ಲ ಸ್ಕ್ರೂಗಳನ್ನೂ ಬಿಗಿದು ಮಾಸ್ಟರ್ ಮಾದರಿಯ (ಬಾಯಿಯ ಅಚ್ಚಿನಿಂದ ಎರೆದ ಜಿಪ್ಸಂ ಪ್ರತಿಕೃತಿಯ) ಮೇಲೆಯೇ ಬೆಸುಗೆಯನ್ನು ಪೂರ್ತಿ ಮುಗಿಸುವುದು ಸರಿಯೋ, ಅಥವಾ ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ ಹೊರತೆಗೆದು ಮುಗಿಸಬೇಕೋ? ಬಾರ್ ತುಂಡಿಗೂ ಸಿಲಿಂಡರಿಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಉಳಿದರೆ ಅದನ್ನು ಟೈಟಾನಿಯಂ ತಂತಿಯಿಂದ ತುಂಬಿಬಿಡಬಹುದೇ? ಬೆಸುಗೆಯ ಮೇಲ್ಮೈ ಕೆಲವು ಕಡೆ ಬೆಳ್ಳಿಯಂತೆ ಹೊಳೆಯುತ್ತದೆ, ಕೆಲವು ಕಡೆ ನೀಲಿಗೆ ತಿರುಗುತ್ತದೆ. ಪಾಲಿಷ್ ಮಾಡಿದರೆ ನೀಲಿ ಹೋಗುತ್ತದಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲವೇ? ಕೊನೆಯದಾಗಿ, ಎರಡೂ ತುದಿಗಳಲ್ಲಿ ಬಾರನ್ನು ಹಿಂದಕ್ಕೆ 10 ಮಿ.ಮೀ. ಚಾಚಬೇಕೆಂಬ ಸೂಚನೆಯಿದೆ, ಬೆಸುಗೆಯ ಜೋಡಣೆ ಅದನ್ನು ತಾಳುತ್ತದೆಯೇ?

ಉತ್ತರ 1: ಬಾರ್ ಕೆಲಸದ ಹಿರಿಯ ತಂತ್ರಜ್ಞ

ಮೊದಲು ಸಂದಿನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಒಂದೆರಡು ಅದರ ಮೇಲೆಯೇ ನಿಂತಿವೆ. ಲೇಸರ್ ಬೆಸುಗೆಯಲ್ಲಿ ಉಷ್ಣ ಹರಡುವ ಪ್ರದೇಶ ಬಹಳ ಚಿಕ್ಕದು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಮತ್ತು ಅದು ನಿಜವೂ ಹೌದು. ಟೈಟಾನಿಯಂ ಉಷ್ಣವನ್ನು ಚಿನ್ನದಷ್ಟು ಬೇಗ ಸಾಗಿಸುವುದಿಲ್ಲವಾದ್ದರಿಂದ ಜಿಪ್ಸಂ ಮಾದರಿಯ ಪಕ್ಕದಲ್ಲೇ ಬೆಸುಗೆ ಹಾಕಿದರೂ ಮಾದರಿಗೆ ಹಾನಿಯಾಗುವುದಿಲ್ಲ. ಆದರೆ ಇದರಿಂದ ‘ಲೇಸರ್ ಎಳೆಯುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುವವರು ಅನೇಕರು, ಮತ್ತು ಅದು ತಪ್ಪು ತೀರ್ಮಾನ. ಒಂದೊಂದು ಪಲ್ಸ್ ಕೂಡ ಒಂದು ಸಣ್ಣ ಹೊಂಡದಷ್ಟು ಲೋಹವನ್ನು ಕರಗಿಸುತ್ತದೆ. ಆ ಹೊಂಡ ಗಟ್ಟಿಯಾಗಿ ತಣಿಯುವಾಗ ಕುಗ್ಗುತ್ತದೆ. ಕುಗ್ಗುವಾಗ ಎರಡೂ ಬದಿಯ ಲೋಹವನ್ನು ತನ್ನತ್ತ ಎಳೆಯುತ್ತದೆ. ಎರಡು ತುಂಡುಗಳು ಒಂದಕ್ಕೊಂದು ಪೂರ್ತಿ ತಾಗಿಕೊಂಡಿದ್ದರೆ ಆ ಎಳೆತಕ್ಕೆ ಅವೇ ಪರಸ್ಪರ ಅಡ್ಡ ನಿಲ್ಲುತ್ತವೆ. ನಡುವೆ ಸಂದು ಇದ್ದರೆ ಅಡ್ಡ ನಿಲ್ಲುವುದಕ್ಕೆ ಏನೂ ಇರುವುದಿಲ್ಲ, ಆದ್ದರಿಂದ ಸಂದು ಮುಚ್ಚಿಕೊಳ್ಳುವ ದಿಕ್ಕಿನಲ್ಲಿ ಸಿಲಿಂಡರೇ ವಾಲುತ್ತದೆ. ವಾಲುವ ಕೋನ ಕೇವಲ 0.1 ಡಿಗ್ರಿ ಇದ್ದರೂ ಅಲ್ಲಿಂದ 20 ಮಿ.ಮೀ. ದೂರದ ಮುಂದಿನ ಸಿಲಿಂಡರಿನ ಬುಡ ಸುಮಾರು 35 ಮೈಕ್ರಾನ್ ಎತ್ತಿಕೊಳ್ಳುತ್ತದೆ. ನಾಲ್ಕು ಸಿಲಿಂಡರ್‌ಗಳ ನಡುವೆ ಆರು ಜೋಡಣೆಗಳಿರುತ್ತವೆ ಎಂಬುದನ್ನು ಗಮನಿಸಿ.

ಆದ್ದರಿಂದ 0.3 ಮಿ.ಮೀ. ಸಂದನ್ನು ತಂತಿಯಿಂದ ತುಂಬಬೇಡಿ. ಬಾರ್ ತುಂಡನ್ನು ತುಸು ಉದ್ದವಾಗಿಯೇ ಕತ್ತರಿಸಿ, ತೇಯುತ್ತ ತೇಯುತ್ತ ಅಳತೆಗೆ ತನ್ನಿ. ಅದು ಎರಡು ಸಿಲಿಂಡರ್‌ಗಳ ನಡುವೆ ಒತ್ತಡವಿಲ್ಲದೆ ಜಾರಿ ಕೂರಬೇಕು, ಕೂತ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಳಕು ನುಸುಳಬಾರದು. ಬಲವಂತದಿಂದ ತುರುಕಿದ ತುಂಡು ಸಂದಿನಷ್ಟೇ ಕೆಟ್ಟದ್ದು, ಏಕೆಂದರೆ ಅದು ಸಿಲಿಂಡರ್‌ಗಳನ್ನು ಹೊರಕ್ಕೆ ತಳ್ಳಿಕೊಂಡು ನಿಂತಿರುತ್ತದೆ, ಮತ್ತು ಆ ಒತ್ತಡ ಬೆಸುಗೆಯೊಳಗೆ ಸೇರಿ ಉಳಿಯುತ್ತದೆ. ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದು ಕಡಿಮೆ: ಸಿಲಿಂಡರ್ ದುಂಡಗಿದೆ, ಬಾರಿನ ತುದಿ ಚಪ್ಪಟೆಯಾಗಿದೆ, ಹೀಗಾಗಿ ಅವೆರಡೂ ತಾಗುವುದು ಒಂದು ಗೆರೆಯ ಮೇಲೆ ಮಾತ್ರ. ಸಿಲಿಂಡರಿನಷ್ಟೇ ವ್ಯಾಸದ ಕಾರ್ಬೈಡ್ ಬರ್ ಒಂದರಿಂದ ಬಾರಿನ ತುದಿಯನ್ನು ಒಳಬಾಗುವಂತೆ ತೇಯ್ದು, ಅದು ಸಿಲಿಂಡರಿನ ಮೈಯನ್ನು ಅಪ್ಪಿ ಕೂರುವಂತೆ ಮಾಡಿ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಹೆಚ್ಚು ಫಲ ಕೊಡುವುದೂ ಈ ತೇಯುವ ಹಂತವೇ.

ತಂತಿಗೆ ಅದರದ್ದೇ ಆದ ಜಾಗವಿದೆ. ನಮ್ಮಂಥವರ ಯಂತ್ರಗಳಲ್ಲಿ ಬೆಸುಗೆ ಒಂದು ಬದಿಯಿಂದ ಒಂದೆರಡು ಮಿ.ಮೀ. ಆಳಕ್ಕೆ ಇಳಿದೀತು. ನಿಮ್ಮ ಬಾರ್ ಸುಮಾರು 3 ಮಿ.ಮೀ. ಎತ್ತರದ್ದಾಗಿದ್ದರೆ ಸುತ್ತಲೂ ಮೇಲ್ಮೈಯಲ್ಲಿ ಚೆಂದವಾಗಿ ಬೆಸೆದರೂ ನಡುವಿನ ತಿರುಳು ಬೆಸೆಯದೆ ಉಳಿಯಬಹುದು. ಹೊರಗಿನಿಂದ ನೋಡಿದರೆ ಪರಿಪೂರ್ಣವಾಗಿ ಕಾಣುವ ಆ ಜೋಡಣೆಯ ಒಳಗೆ ಬಿರುಕೊಂದು ಮೊದಲ ದಿನದಿಂದಲೇ ಸಿದ್ಧವಾಗಿರುತ್ತದೆ. ಅಗಿಯುವ ಭಾರ ಸಾವಿರಾರು ಬಾರಿ ಬಿದ್ದಂತೆ ಅದು ಹೊರಕ್ಕೆ ಬೆಳೆಯುತ್ತದೆ. ಇದನ್ನು ತಪ್ಪಿಸಲು ಬಾರಿನ ತುದಿಯ ಅಂಚುಗಳನ್ನು ಸುತ್ತಲೂ ಇಳಿಜಾರಾಗಿ ತೇಯ್ದು, ನಡುವಿನ ತಿರುಳು ಮಾತ್ರ ಸಿಲಿಂಡರಿಗೆ ತಾಗುವಂತೆ ಬಿಡಬೇಕು. ಮೊದಲು ಆ ತಿರುಳನ್ನು ಎರಡೂ ಬದಿಯಿಂದ ಪೂರ್ತಿ ಬೆಸೆದು, ಆಮೇಲೆ ಇಳಿಜಾರಿನ ಕಣಿವೆಯನ್ನು ಅದೇ ದರ್ಜೆಯ ಟೈಟಾನಿಯಂ ತಂತಿಯಿಂದ ಪದರ ಪದರವಾಗಿ ತುಂಬಬೇಕು. ಆಗ ತಂತಿ ಕುಗ್ಗಿದರೂ ತಿರುಳು ಅಳತೆಯನ್ನು ಹಿಡಿದು ನಿಂತಿರುತ್ತದೆ.

ಮಾದರಿಯ ಮೇಲೋ ಹೊರಗೋ ಎಂಬ ಪ್ರಶ್ನೆಗೆ ಎರಡು ಪಂಥಗಳಿವೆ. ಎಲ್ಲ ಸ್ಕ್ರೂಗಳನ್ನೂ ಬಿಗಿದು ಮಾದರಿಯ ಮೇಲೆಯೇ ಮುಗಿಸಿದರೆ ಬಾರ್ ಅಲುಗುವುದಿಲ್ಲ ಎನ್ನುವವರ ವಾದದಲ್ಲಿ ಅರ್ಧ ಸತ್ಯವಿದೆ. ಬಾರ್ ಅಲುಗುವುದಿಲ್ಲ, ನಿಜ. ಆದರೆ ಅಲುಗಬೇಕಾದ ಬಲ ಒಳಗೇ ಉಳಿದು, ಸ್ಕ್ರೂ ಸಡಿಲಿಸಿದ ಕ್ಷಣ ಹೊರಬರುತ್ತದೆ. ಬಿಗಿದ ಸ್ಕ್ರೂ ಎಳೆತವನ್ನು ತಡೆಯುವುದಿಲ್ಲ, ನಮ್ಮ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ ಅಷ್ಟೆ. ನಾನು ಅನುಸರಿಸುವ ಕ್ರಮ ಹೀಗಿದೆ: ಸ್ಕ್ರೂಗಳನ್ನು ಬೆರಳಿನ ಬಲಕ್ಕಷ್ಟೇ ತಿರುಗಿಸಿ, ಪ್ರತಿ ಜೋಡಣೆಗೂ ಒಂದು ಚುಕ್ಕೆಯಂತೆ ಹಾಕುತ್ತ ಇಡೀ ಬಾರನ್ನು ಒಂದು ಸುತ್ತು ಬರುತ್ತೇನೆ. ಎರಡನೆಯ ಸುತ್ತಿನಲ್ಲಿ ಮೊದಲ ಚುಕ್ಕೆಯ ನೇರ ಎದುರು ಬದಿಗೆ, ಮೂರನೆಯ ಮತ್ತು ನಾಲ್ಕನೆಯ ಸುತ್ತಿನಲ್ಲಿ ಉಳಿದೆರಡು ಬದಿಗೆ. ಒಂದು ಚುಕ್ಕೆಯ ಎಳೆತವನ್ನು ಎದುರಿನ ಚುಕ್ಕೆ ಸರಿದೂಗಿಸಬೇಕು ಎಂಬುದೇ ಇದರ ಹಿಂದಿನ ತರ್ಕ. ಬಳಿಕ ಒಂದು ತುದಿಯ ಸ್ಕ್ರೂವನ್ನು ಮಾತ್ರ ಉಳಿಸಿ ಬೇರೆಲ್ಲವನ್ನೂ ತೆಗೆದು ಇನ್ನೊಂದು ತುದಿ ಎದ್ದಿದೆಯೇ ಎಂದು ನೋಡುತ್ತೇನೆ. ಎದ್ದಿಲ್ಲವಾದರೆ ಮಾತ್ರ ಹೊರತೆಗೆದು, ಮಾದರಿಯ ಮೇಲಿದ್ದಾಗ ತಲುಪಲಾಗದ ಕೆಳಬದಿಯನ್ನೂ ಸೇರಿಸಿ ತಿರುಳು ಬೆಸೆಯುತ್ತೇನೆ, ಮತ್ತು ಪ್ರತಿ ಜೋಡಣೆ ಮುಗಿದಾಗಲೂ ಮಾದರಿಗೆ ಹಿಂತಿರುಗಿಸಿ ಪರೀಕ್ಷಿಸುತ್ತೇನೆ. ಒಂದರ ಮೇಲೊಂದು ಬೀಳುವ ಚುಕ್ಕೆಗಳು ಮುಕ್ಕಾಲು ಭಾಗ ಹಿಂದಿನದನ್ನು ಮುಚ್ಚಬೇಕು.

ವೋಲ್ಟೇಜು, ಪಲ್ಸಿನ ಅವಧಿ, ಚುಕ್ಕೆಯ ವ್ಯಾಸ ಇವುಗಳಿಗೆ ನಾನು ಸಂಖ್ಯೆ ಕೊಡುವುದಿಲ್ಲ. ಒಂದು ಯಂತ್ರದ ಸಂಖ್ಯೆ ಇನ್ನೊಂದರಲ್ಲಿ ಅದೇ ಆಳ ಕೊಡುವುದಿಲ್ಲ. ಅದೇ ಬಾರಿನ ತುಂಡುಗಳೆರಡನ್ನು ಬೆಸೆದು, ಅಡ್ಡಲಾಗಿ ಕೊಯ್ದು, ಪಾಲಿಷ್ ಮಾಡಿ, ಬೆಸುಗೆ ನಡುವಿನವರೆಗೆ ಇಳಿದಿದೆಯೇ ಎಂದು ನೋಡಿ ನಿಮ್ಮ ಸಂಖ್ಯೆಗಳನ್ನು ನೀವೇ ಕಂಡುಕೊಳ್ಳಿ.

ಉತ್ತರ 2: ಲೋಹಶಾಸ್ತ್ರ ಓದಿದವರು

ನೀಲಿ ಬಣ್ಣದ ಬಗ್ಗೆ ಮಾತ್ರ ಬರೆಯುತ್ತೇನೆ. ಆ ಬಣ್ಣವನ್ನು ಖಂಡಿತ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಟೈಟಾನಿಯಂ ಮೇಲಿನ ಬಣ್ಣ ಯಾವುದೇ ವರ್ಣದ್ರವ್ಯದಿಂದ ಬಂದದ್ದಲ್ಲ. ಮೇಲ್ಮೈಯ ಆಕ್ಸೈಡ್ ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ತೋರಿಸುವ ಬಣ್ಣ ಅದು. ಪದರ ತೀರ ತೆಳುವಾಗಿದ್ದರೆ ಬೆಳ್ಳಿ, ತುಸು ದಪ್ಪವಾದರೆ ಒಣಹುಲ್ಲಿನ ಹಳದಿ, ಇನ್ನೂ ದಪ್ಪವಾದರೆ ನೇರಳೆ, ನೀಲಿ. ಕೊನೆಗೆ ಬೂದು ಅಥವಾ ಬಿಳಿ ಪುಡಿ. ಬಿಸಿಯಾದ ಲೋಹ ಗಾಳಿಯನ್ನು ಎಷ್ಟು ಕಂಡಿದೆ ಎಂಬುದನ್ನು ಈ ಕ್ರಮ ಹೇಳುತ್ತದೆ. ನೀವು ಪಾಲಿಷ್ ಮಾಡಿ ತೆಗೆಯುವುದು ಈ ಪದರವನ್ನು ಮಾತ್ರ. ಆದರೆ ಟೈಟಾನಿಯಂ ಬಿಸಿಯಲ್ಲಿದ್ದಾಗ ಆಮ್ಲಜನಕ ಮತ್ತು ಸಾರಜನಕಗಳನ್ನು ಮೇಲ್ಮೈಯಲ್ಲಿ ಹಿಡಿದಿಟ್ಟುಕೊಂಡು ಸುಮ್ಮನಾಗುವ ಲೋಹವಲ್ಲ. ಅವುಗಳನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಹಾಗೆ ಒಳಗೆ ಹೋದದ್ದು ಯಾವ ಪಾಲಿಷಿಗೂ ಸಿಗುವುದಿಲ್ಲ, ಅದು ಲೋಹವನ್ನು ಗಡುಸಾಗಿಸಿ ಪೆಡಸಾಗಿಸುತ್ತದೆ.

ಎಷ್ಟು ಆಮ್ಲಜನಕ ಸಾಕು ಎಂಬುದಕ್ಕೆ ಶುದ್ಧ ಟೈಟಾನಿಯಂನ ದರ್ಜೆಗಳನ್ನೇ ನೋಡಬಹುದು. 1ನೇ ದರ್ಜೆಯಲ್ಲಿ ಆಮ್ಲಜನಕದ ಮಿತಿ ಶೇ. 0.18, 4ನೇ ದರ್ಜೆಯಲ್ಲಿ ಶೇ. 0.40. ಕಬ್ಬಿಣದ ಮಿತಿಯಲ್ಲೂ ಸ್ವಲ್ಪ ವ್ಯತ್ಯಾಸವಿದೆಯಾದರೂ ಮುಖ್ಯ ಪಾತ್ರ ಆಮ್ಲಜನಕದ್ದು. ಇಷ್ಟರಿಂದಲೇ ಕನಿಷ್ಠ ಕರ್ಷಣ ಬಲ (ಎಳೆದು ಮುರಿಯಲು ಬೇಕಾದ ಬಲ) 240 ಮೆಗಾಪಾಸ್ಕಲ್‌ನಿಂದ 550 ಮೆಗಾಪಾಸ್ಕಲ್‌ಗೆ ಏರುತ್ತದೆ, ಜೊತೆಗೆ ಮುರಿಯುವ ಮುನ್ನ ಹಿಗ್ಗುವ ಗುಣ ಇಳಿಯುತ್ತದೆ. ಶೇಕಡಾ ಒಂದರ ಕಾಲು ಭಾಗದಷ್ಟೂ ಇಲ್ಲದ ಆಮ್ಲಜನಕ ಲೋಹದ ಸ್ವಭಾವವನ್ನೇ ಬದಲಿಸುತ್ತದೆ ಎಂದ ಮೇಲೆ, ಕರಗಿದ ಹೊಂಡಕ್ಕೆ ಗಾಳಿ ನುಗ್ಗಿದರೆ ಏನಾದೀತು ಎಂದು ಊಹಿಸಬಹುದು.

ಇಲ್ಲೊಂದು ಮೋಸದ ಜಾಗವಿದೆ. ಮೊದಲ ಸುತ್ತಿನಲ್ಲಿ ಆರ್ಗಾನ್ ಸರಿಯಾಗಿ ತಲುಪದೆ ನೀಲಿಯಾದ ಜೋಡಣೆಯ ಮೇಲೆ, ನಳಿಕೆಯನ್ನು ಸರಿಪಡಿಸಿ ಎರಡನೆಯ ಸುತ್ತು ಹಾಕಿದರೆ ಅದು ಬೆಳ್ಳಿಯಂತೆ ಹೊಳೆಯುತ್ತದೆ. ಆಕ್ಸೈಡ್ ಎಲ್ಲಿಗೂ ಹೋಗಿಲ್ಲ, ಕರಗಿ ಒಳಗೆ ಸೇರಿದೆ. ಆದ್ದರಿಂದ ಬಣ್ಣವನ್ನು ಕೊನೆಯಲ್ಲಿ ನೋಡಿ ಪ್ರಯೋಜನವಿಲ್ಲ. ಪ್ರತಿ ಸುತ್ತಿನ ಬಳಿಕವೂ ನೋಡಬೇಕು, ನೀಲಿ ಕಂಡರೆ ಆ ಪದರವನ್ನು ತೇಯ್ದು ಹೊಳೆಯುವ ಲೋಹ ಬಂದ ಮೇಲೆಯೇ ಮುಂದುವರಿಯಬೇಕು. ಬೂದು ಅಥವಾ ಬಿಳಿ ಕಂಡರೆ ಆ ಜೋಡಣೆಯನ್ನು ಕತ್ತರಿಸಿ ಹೊಸದಾಗಿ ಮಾಡುವುದೇ ಲೇಸು.

ಆರ್ಗಾನನ್ನು ಜೋರಾಗಿ ಬಿಟ್ಟರೆ ರಕ್ಷಣೆ ಹೆಚ್ಚುತ್ತದೆ ಎಂಬ ಭಾವನೆಯೂ ಸರಿಯಲ್ಲ. ಜೋರಿನ ಧಾರೆ ತನ್ನ ಅಂಚಿನಲ್ಲಿ ಸುಳಿಗಳನ್ನೆಬ್ಬಿಸಿ ಸುತ್ತಲಿನ ಗಾಳಿಯನ್ನು ಒಳಗೆಳೆಯುತ್ತದೆ. ಆರ್ಗಾನ್ ಗಾಳಿಗಿಂತ ಸುಮಾರು 1.4 ಪಟ್ಟು ಭಾರ. ಸಾವಧಾನವಾಗಿ ಹರಿಯಬಿಟ್ಟರೆ ಅದು ತಾನಾಗಿಯೇ ಕೆಳಗಿಳಿದು ಜೋಡಣೆಯನ್ನು ಮುಚ್ಚಿಕೊಳ್ಳುತ್ತದೆ. ನಳಿಕೆ ಹತ್ತಿರವಿರಲಿ, ಹರಿವು ಮೆಲ್ಲಗಿರಲಿ, ಪಲ್ಸ್ ಹಾರಿಸುವ ಕೆಲವು ಸೆಕೆಂಡು ಮೊದಲೇ ಹರಿವು ಶುರುವಾಗಲಿ, ಬೆಸುಗೆ ಸಾಕಷ್ಟು ತಣಿಯುವವರೆಗೆ ನಿಲ್ಲದಿರಲಿ. ಜೋಡಣೆಯ ಹಿಂಬದಿಗೆ ನಳಿಕೆಯ ಅನಿಲ ತಲುಪುತ್ತದೆ ಎಂದು ನಂಬಬೇಡಿ. ಎರಡನೆಯ ನಳಿಕೆ ಇದ್ದರೆ ಬಳಸಿ.

ಬೆರಳಿನ ಎಣ್ಣೆ, ಮರಳು ಊದಿದ ಅಲ್ಯೂಮಿನಾ ಕಣ, ಜಿಪ್ಸಂ ಧೂಳು, ಕೋಬಾಲ್ಟ್-ಕ್ರೋಮಿಯಂ ತೇಯ್ದ ಬರ್ ಇವೆಲ್ಲವೂ ಜೋಡಣೆಯನ್ನು ಕೆಡಿಸುತ್ತವೆ. ಟೈಟಾನಿಯಂಗೆ ಬೇರೆಯೇ ಬರ್‌ಗಳನ್ನು ಮೀಸಲಿಡಿ, ಬೆಸುಗೆಗೆ ಮೊದಲು ಉಗಿಯಿಂದ ತೊಳೆದು ಅಸಿಟೋನ್‌ನಿಂದ ಒರೆಸಿ. ಸಿದ್ಧ ಸಿಲಿಂಡರ್‌ಗಳು ಗುಲಾಬಿ ಅಥವಾ ಚಿನ್ನದ ಬಣ್ಣದಲ್ಲಿ ಬಂದಿದ್ದರೆ ಅದೂ ಉದ್ದೇಶಪೂರ್ವಕವಾಗಿ ಬೆಳೆಸಿದ ಆಕ್ಸೈಡೇ ಆಗಿರುತ್ತದೆ. ಬೆಸೆಯುವ ಜಾಗದಲ್ಲಿ ಅದನ್ನು ತೇಯ್ದು ತೆಗೆಯಬೇಕು. ಚಿನ್ನದ ಸಿಲಿಂಡರಿಗಾಗಲಿ ಕೋಬಾಲ್ಟ್-ಕ್ರೋಮಿಯಂ ತುಂಡಿಗಾಗಲಿ ಟೈಟಾನಿಯಂ ಬೆಸೆಯುವ ಯೋಚನೆ ಎಂದೂ ಬೇಡ, ನಡುವೆ ಹುಟ್ಟುವ ಸಂಯುಕ್ತಗಳು ಗಾಜಿನಂತೆ ಒಡೆಯುತ್ತವೆ.

ನಿಮ್ಮ ಅಭ್ಯಾಸದ ತುಂಡುಗಳನ್ನು ವೈಸ್‌ನಲ್ಲಿ ಹಿಡಿದು ಬಗ್ಗಿಸಿ ನೋಡಿ. ಒಳ್ಳೆಯ ಬೆಸುಗೆ ಬಗ್ಗಿದ ಮೇಲೆ ಮುರಿಯುತ್ತದೆ, ಗಾಳಿ ಕುಡಿದ ಬೆಸುಗೆ ಬಗ್ಗದೆಯೇ ಚಟ್ಟೆಂದು ತುಂಡಾಗುತ್ತದೆ.

ಉತ್ತರ 3: ಕೃತಕ ದಂತ ವಿಭಾಗದ ವೈದ್ಯರು

ಮೇಲಿನ ಎರಡು ಉತ್ತರಗಳೂ ಪ್ರಯೋಗಾಲಯದ ಕಡೆಯಿಂದ ಬಂದಿವೆ. ನನಗೆ ಹೇಳಬೇಕೆನಿಸುವುದು ಅದಕ್ಕಿಂತ ಮುಂಚಿನ ಹಂತದ ಬಗ್ಗೆ. ಮಾದರಿಯ ಮೇಲೆ ಎಷ್ಟೇ ನಿಖರವಾಗಿ ಬೆಸೆದರೂ ಮಾದರಿಯೇ ಬಾಯಿಗಿಂತ ಭಿನ್ನವಾಗಿದ್ದರೆ, ಲೇಸರ್ ಆ ಭಿನ್ನತೆಯನ್ನೇ ಲೋಹದಲ್ಲಿ ಶಾಶ್ವತಗೊಳಿಸುತ್ತದೆ. ಬಾಯಲ್ಲಿ ಬಾರ್ ಕೂರದೆ ಮರಳಿ ಬಂದಾಗ ಬೆಸುಗೆಯನ್ನು ದೂರುವುದು ರೂಢಿ; ಅಚ್ಚು ತೆಗೆದ ನಮ್ಮತ್ತಲೂ ಒಮ್ಮೆ ನೋಡುವುದು ನ್ಯಾಯ.

ಸಹಜ ಹಲ್ಲು ತನ್ನ ಬುಡದ ನಾರುಗಳ ಮೇಲೆ ಸುಮಾರು 100 ಮೈಕ್ರಾನ್‌ವರೆಗೆ ಅಲುಗಬಲ್ಲದು, ಆದ್ದರಿಂದ ಸಣ್ಣ ತಪ್ಪನ್ನು ನುಂಗಿಕೊಳ್ಳುತ್ತದೆ. ಮೂಳೆಯೊಂದಿಗೆ ಬೆಸೆದ ಇಂಪ್ಲಾಂಟ್‌ಗೆ ಅಂಥ ಅವಕಾಶವಿಲ್ಲ. ಇಂಪ್ಲಾಂಟ್ ಚಿಕಿತ್ಸೆಯ ಪ್ರವರ್ತಕ ಬ್ರೋನೆಮಾರ್ಕ್ 1983ರಲ್ಲಿ ಚೌಕಟ್ಟಿಗೂ ಅಬಟ್‌ಮೆಂಟಿಗೂ ನಡುವೆ 10 ಮೈಕ್ರಾನ್ ಅಂತರವನ್ನು ಗುರಿಯಾಗಿ ಸೂಚಿಸಿದ್ದರು. ಸಂಶೋಧಕ ಯೆಮ್ಟ್ 1991ರಲ್ಲಿ 150 ಮೈಕ್ರಾನ್‌ವರೆಗಿನ ಅಂತರವನ್ನು ಒಪ್ಪಬಹುದೆಂದರು. ಈ ಎರಡನೆಯ ಸಂಖ್ಯೆಯ ಹಿನ್ನೆಲೆ ಬಹಳ ವ್ಯಾವಹಾರಿಕವಾದದ್ದು: ಸ್ಕ್ರೂ ಮೊದಲ ಬಾರಿ ತಡೆ ತೋರಿದ ಮೇಲೆ ಪೂರ್ತಿ ಬಿಗಿಯಾಗಲು ಅರ್ಧ ಸುತ್ತಿಗಿಂತ ಹೆಚ್ಚು ಬೇಕಾಗಬಾರದು, ಮತ್ತು ಒಂದು ಸುತ್ತಿಗೆ 0.3 ಮಿ.ಮೀ. ಇಳಿಯುವ ಸ್ಕ್ರೂ ಅರ್ಧ ಸುತ್ತಿಗೆ 150 ಮೈಕ್ರಾನ್ ಇಳಿಯುತ್ತದೆ. ನಾನು ಬಾಯಲ್ಲಿ ಪರೀಕ್ಷಿಸುವಾಗ ಈ ಅರ್ಧ ಸುತ್ತಿನ ನಿಯಮವನ್ನೂ ಒಂದು ತುದಿಯನ್ನು ಮಾತ್ರ ಬಿಗಿದು ಇನ್ನೊಂದು ತುದಿ ಎದ್ದಿದೆಯೇ ಎಂದು ನೋಡುವ ಒಂದೇ ಸ್ಕ್ರೂವಿನ ಪರೀಕ್ಷೆಯನ್ನೂ ಜೊತೆಯಾಗಿ ಬಳಸುತ್ತೇನೆ. ಎಕ್ಸ್-ರೇ ಕೂಡ ಬೇಕು, ಆದರೆ ಕಿರಣ ಜೋಡಣೆಗೆ ನೇರವಾಗಿ ಬೀಳದಿದ್ದರೆ ಇರುವ ಸಂದೂ ಚಿತ್ರದಲ್ಲಿ ಮುಚ್ಚಿಹೋಗುತ್ತದೆ.

ಆದ್ದರಿಂದ ನಿಮ್ಮ ವೈದ್ಯರಿಗೆ ಒಂದು ಮಾತು ಕೇಳಿ: ಮಾದರಿಯನ್ನು ಪರೀಕ್ಷಾ ಜಿಗ್‌ನಿಂದ ದೃಢಪಡಿಸಿಕೊಂಡಿದ್ದಾರೆಯೇ? ಮಾದರಿಯ ಮೇಲೆ ಸಿಲಿಂಡರ್‌ಗಳನ್ನು ಇಂಪ್ರೆಷನ್ ಪ್ಲಾಸ್ಟರಿನಿಂದ ಜೋಡಿಸಿ ಆ ಜಿಗ್ಗನ್ನು ಬಾಯಲ್ಲಿ ಸ್ಕ್ರೂ ಮಾಡಿದರೆ, ಅಳತೆ ತಪ್ಪಿದ್ದಲ್ಲಿ ಪ್ಲಾಸ್ಟರ್ ಬಾಗದೆ ಬಿರಿಯುತ್ತದೆ, ಮತ್ತು ಆ ಬಿರುಕು ಅನುಮಾನಕ್ಕೆ ಎಡೆಯಿಲ್ಲದ ಉತ್ತರ. ಅಕ್ರಿಲಿಕ್ ರಾಳದ ಜಿಗ್ ಬಗ್ಗಿ ಕೂತುಬಿಡುವ ಸಾಧ್ಯತೆ ಇದೆ, ಜೊತೆಗೆ ಗಟ್ಟಿಯಾಗುವಾಗ ಕುಗ್ಗುತ್ತದೆ. ಅದನ್ನೇ ಬಳಸುವುದಾದರೆ ತುಂಡು ಮಾಡಿ, ಕುಗ್ಗುವಿಕೆ ಮುಗಿಯಲು ಬಿಟ್ಟು, ಬಾಯಲ್ಲಿ ತೆಳು ಗೆರೆಯಷ್ಟು ರಾಳದಿಂದ ಮತ್ತೆ ಸೇರಿಸಬೇಕು. ಕೆಳದವಡೆ ಬಾಯಿ ಅಗಲವಾಗಿ ತೆರೆದಾಗ ಒಳಮುಖವಾಗಿ ತುಸು ಬಾಗುತ್ತದೆ ಎಂಬುದನ್ನೂ ಮರೆಯಬಾರದು. ನಿಮ್ಮ ನಾಲ್ಕೂ ಇಂಪ್ಲಾಂಟ್‌ಗಳು ಮುಂಭಾಗದಲ್ಲೇ ಇರುವುದರಿಂದ ಅದರ ಪರಿಣಾಮ ಇಲ್ಲಿ ಕಡಿಮೆ, ಆದರೂ ಅಚ್ಚು ಮತ್ತು ಜಿಗ್ ಎರಡನ್ನೂ ಬಾಯಿ ಆದಷ್ಟು ಕಡಿಮೆ ತೆರೆದು ಮಾಡುವುದು ಒಳ್ಳೆಯದು.

ಈಗ 10 ಮಿ.ಮೀ. ಚಾಚಿಗೆ ಬರೋಣ. ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಚಾಚಿದ ಬಾರಿನ ತುದಿಯ ಮೇಲೆ ಭಾರ ಬಿದ್ದಾಗ ಬಾಗಿಸುವ ಬಲ ಅತ್ಯಂತ ಹೆಚ್ಚಾಗಿರುವುದು ಕೊನೆಯ ಸಿಲಿಂಡರಿನ ಅಂಚಿನಲ್ಲಿ, ಅಂದರೆ ಸರಿಯಾಗಿ ನಿಮ್ಮ ಬೆಸುಗೆ ಇರುವ ಜಾಗದಲ್ಲಿ. ಉಳಿದ ಜೋಡಣೆಗಳಿಗೆ ಎರಡೂ ಕಡೆ ಆಸರೆಯಿದೆ, ಇದಕ್ಕೆ ಒಂದೇ ಕಡೆ. ಮೇಲಾಗಿ ನೀವು ಕೋಬಾಲ್ಟ್-ಕ್ರೋಮಿಯಂ ಲೆಕ್ಕದಲ್ಲಿ ಯೋಚಿಸಿ ರೂಢಿಯುಳ್ಳವರು. ಅದರ ಸ್ಥಿತಿಸ್ಥಾಪಕ ಮಾಪಾಂಕ (ಬಿಗುವಿನ ಅಳತೆ) ಸುಮಾರು 210 ಗಿಗಾಪಾಸ್ಕಲ್, ಟೈಟಾನಿಯಂನದು ಸುಮಾರು 110. ಅದೇ ಅಳತೆಯ ಬಾರ್ ಟೈಟಾನಿಯಂನದಾದರೆ ಹೆಚ್ಚುಕಡಿಮೆ ಎರಡರಷ್ಟು ಬಾಗುತ್ತದೆ. ಬಾಗುವಿಕೆ ಚಾಚಿನ ಉದ್ದದ ಘನಕ್ಕೆ ಅನುಗುಣವಾದ್ದರಿಂದ 10 ಮಿ.ಮೀ. ಅನ್ನು 7 ಮಿ.ಮೀ. ಮಾಡಿದರೆ ಅದು ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಸಿದ್ಧ ಬಾರಿನ ಎತ್ತರವನ್ನು ನಾವು ಬದಲಿಸಲಾಗದು, ಉದ್ದವನ್ನು ಬದಲಿಸಬಹುದು.

ಚಾಚು ಕೊಡಬಹುದೇ ಎಂಬುದನ್ನು ಇಂಪ್ಲಾಂಟ್‌ಗಳ ವಿನ್ಯಾಸವೂ ನಿರ್ಧರಿಸುತ್ತದೆ. ಮುಂದಿನೆರಡು ಇಂಪ್ಲಾಂಟ್‌ಗಳ ನಡುಗೆರೆಯಿಂದ ಹಿಂದಿನೆರಡರ ಹಿಂಬದಿಯ ಗೆರೆಗೆ ಇರುವ ಅಂತರ ಚೆನ್ನಾಗಿದ್ದರೆ ಸ್ವಲ್ಪ ಚಾಚಬಹುದು. ನಾಲ್ಕೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿದ್ದರೆ ಚಾಚೇ ಬೇಡ. ಡೆಂಚರಿನ ಹಿಂಭಾಗವನ್ನು ಒಸಡು ಹೊರಲಿ, ತೆಗೆದು ಹಾಕುವ ಡೆಂಚರ್ ಆದ್ದರಿಂದ ಆ ಅನುಕೂಲ ನಮಗಿದ್ದೇ ಇದೆ.

ಇನ್ನೊಂದು ಸಂಗತಿಯನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾರನ್ನು ಬೆಸೆಯುವ ಮೊದಲು ಹಲ್ಲುಗಳ ಜೋಡಣೆ ಬಾಯಲ್ಲಿ ಪರೀಕ್ಷೆಯಾಗಿ ಒಪ್ಪಿಗೆ ಪಡೆದಿರಬೇಕು, ಮತ್ತು ಅದರ ಸಿಲಿಕೋನ್ ಅಚ್ಚು ನಿಮ್ಮ ಮೇಜಿನ ಮೇಲಿರಬೇಕು. ಇಂಪ್ಲಾಂಟಿನ ಮೇಲ್ತುದಿಯಿಂದ ಹಲ್ಲಿನ ಅಂಚಿನವರೆಗೆ 12ರಿಂದ 14 ಮಿ.ಮೀ. ಎತ್ತರ ಸಿಗದಿದ್ದರೆ ಬಾರ್, ಕ್ಲಿಪ್, ಅದರ ಕವಚ, ಅಕ್ರಿಲಿಕ್, ಹಲ್ಲು ಇವೆಲ್ಲಕ್ಕೂ ಜಾಗ ಸಾಲದೆ, ಕೊನೆಗೆ ಡೆಂಚರ್ ಕ್ಲಿಪ್ಪಿನ ಮೇಲ್ಭಾಗದಲ್ಲಿಯೇ ಒಡೆಯುತ್ತದೆ. ಬಾರಿನ ಕೆಳಗೆ ಬ್ರಷ್ ಹಾಯುವಷ್ಟು, ಸುಮಾರು 2 ಮಿ.ಮೀ. ತೆರವು ಬಿಡಿ, ಅರ್ಧ ಮಿ.ಮೀ. ಬಿಟ್ಟರೆ ಒಸಡು ಬೆಳೆದು ತುಂಬಿಕೊಳ್ಳುತ್ತದೆ.

ಮತ್ತೆ ಪ್ರಶ್ನಿಸಿದವರು

ಮೂವರಿಗೂ ಧನ್ಯವಾದಗಳು. ಚಾಚಿನ ವಿಷಯವನ್ನು ವೈದ್ಯರ ಮುಂದಿಟ್ಟಿದ್ದೇನೆ, ಇಂಪ್ಲಾಂಟ್‌ಗಳು ಬಹುತೇಕ ಒಂದೇ ಗೆರೆಯಲ್ಲಿರುವುದರಿಂದ ಅದನ್ನು ಕೈಬಿಡಲು ಅವರು ಒಪ್ಪಿದ್ದಾರೆ. ಪ್ಲಾಸ್ಟರ್ ಜಿಗ್ ಕೂಡ ಆಗಲಿದೆ. ಉಳಿದಿರುವುದು ಒಂದೇ ಸಂದೇಹ. ಇಷ್ಟೆಲ್ಲ ಎಚ್ಚರದ ಬಳಿಕವೂ ಒಂದು ಸ್ಕ್ರೂವಿನ ಪರೀಕ್ಷೆಯಲ್ಲಿ ಇನ್ನೊಂದು ತುದಿ ಎದ್ದರೆ ಕತ್ತರಿಸಿ ಮತ್ತೆ ಬೆಸೆಯಬೇಕಲ್ಲವೇ? ಹಾಗೆ ಕತ್ತರಿಸಿದಾಗ ಡಿಸ್ಕಿನ ದಪ್ಪದಷ್ಟು ಸಂದು ಹುಟ್ಟುತ್ತದೆ, ಮತ್ತು ಸಂದನ್ನು ತಂತಿಯಿಂದ ತುಂಬಬಾರದು ಎಂದೂ ನೀವೇ ಹೇಳಿದ್ದೀರಿ.

ಉತ್ತರ 4: ಬಾರ್ ಕೆಲಸದ ಹಿರಿಯ ತಂತ್ರಜ್ಞ

ಸರಿಯಾದ ಪ್ರಶ್ನೆ. ಆ ಸಂದಿಗೆ ತಂತಿಯ ಬದಲು ಟೈಟಾನಿಯಂ ಹಾಳೆಯ ಚೂರನ್ನು ಇಡಬೇಕು.

ಕತ್ತರಿಸುವ ಮೊದಲು ಯಾವ ಜೋಡಣೆ ತಪ್ಪಿದೆ ಎಂದು ಪತ್ತೆಹಚ್ಚಿ. ಒಂದು ತುದಿಯನ್ನು ಬಿಗಿದಾಗ ಎರಡನೆಯ ಸಿಲಿಂಡರ್ ಕೂತಿದ್ದು ಮೂರನೆಯದು ಎದ್ದಿದ್ದರೆ ದೋಷ ಎರಡಕ್ಕೂ ಮೂರಕ್ಕೂ ನಡುವೆ ಇದೆ. ಇನ್ನೊಂದು ತುದಿಯಿಂದಲೂ ಹಾಗೆಯೇ ಪರೀಕ್ಷಿಸಿದರೆ ಅದು ಖಚಿತವಾಗುತ್ತದೆ. ಆ ಒಂದು ಜಾಗವನ್ನು ಮಾತ್ರ, ಸಿಕ್ಕ ಅತ್ಯಂತ ತೆಳುವಾದ ಡಿಸ್ಕಿನಿಂದ, ಹಳೆಯ ಬೆಸುಗೆಯ ಮೇಲಲ್ಲದೆ ಬಾರಿನ ನಡುಭಾಗದಲ್ಲಿ ಕತ್ತರಿಸಿ. ಒಮ್ಮೆ ಬೆಸೆದ ಜಾಗವನ್ನೇ ಮತ್ತೆ ಕರಗಿಸುವುದಕ್ಕಿಂತ ಹೊಸ ಲೋಹದಲ್ಲಿ ಹೊಸ ಜೋಡಣೆ ಮಾಡುವುದು ಸುರಕ್ಷಿತ, ಮತ್ತು ದುಂಡಗಿನ ಸಿಲಿಂಡರಿಗಿಂತ ಬಾರಿನ ಎರಡು ಚಪ್ಪಟೆ ಮುಖಗಳ ನಡುವೆ ಚೂರನ್ನು ಹೊಂದಿಸುವುದು ಎಷ್ಟೋ ಸುಲಭ. ಕ್ಲಿಪ್ ಕೂರಬೇಕಾದ ಜಾಗವನ್ನು ಮಾತ್ರ ತಪ್ಪಿಸಿ.

ಎರಡೂ ಭಾಗಗಳನ್ನು ಮಾದರಿಯ ಮೇಲೆ ಸ್ಕ್ರೂ ಮಾಡಿದ ಮೇಲೆ ಉಳಿಯುವ ಸಂದನ್ನು ಅಳೆದು, ಅದೇ ದಪ್ಪದ ಹಾಳೆಯಿಂದ ಚೂರೊಂದನ್ನು ಕತ್ತರಿಸಿ, ಎರಡೂ ಮುಖಗಳಿಗೆ ತಾಗುವಂತೆ ತೇಯ್ದು ಜಾರಿಸಿ. ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದರೆ ಚೂರನ್ನೂ ಹಾಗೆಯೇ ಬೆಣೆಯಾಕಾರಕ್ಕೆ ತೇಯಬೇಕು. ಮುಂದಿನದೆಲ್ಲ ಮೊದಲಿನ ಕ್ರಮವೇ: ಎದುರುಬದುರು ಚುಕ್ಕೆಗಳು, ಪರೀಕ್ಷೆ, ತಿರುಳು, ಕೊನೆಗೆ ತಂತಿ. ಬಾಯಲ್ಲಿ ಎದ್ದು ಮಾದರಿಯ ಮೇಲೆ ಎದ್ದಿಲ್ಲವಾದರೆ ಆ ಮಾದರಿಯನ್ನು ಮತ್ತೆ ನಂಬಬೇಡಿ. ವೈದ್ಯರು ಕತ್ತರಿಸಿದ ಬಾರನ್ನು ಬಾಯಲ್ಲೇ ರಾಳದಿಂದ ಹಿಡಿಸಿ ತೆಗೆದುಕೊಡಲಿ, ಅದರ ಮೇಲೆ ಅನಲಾಗ್‌ಗಳನ್ನು (ಅಬಟ್‌ಮೆಂಟಿನ ಪ್ರತಿರೂಪಗಳನ್ನು) ಕೂರಿಸಿ ಹೊಸ ಮಾದರಿ ಎರೆಯಿರಿ.

ಉತ್ತರ 5: ಡಿಜಿಟಲ್ ವಿಭಾಗದವರು

ಇಷ್ಟು ಶ್ರಮವನ್ನು ಓದಿದ ಮೇಲೆ ಕೇಳದೆ ಇರಲಾರೆ: ಟೈಟಾನಿಯಂ ಬಿಲ್ಲೆಯಿಂದ ಇಡೀ ಬಾರನ್ನು ಒಂದೇ ತುಂಡಾಗಿ ಯಂತ್ರದಲ್ಲಿ ಕೊರೆದು ತೆಗೆದರೆ ಬೆಸುಗೆಯೂ ಇಲ್ಲ, ಎಳೆತವೂ ಇಲ್ಲ, ನೀಲಿ ಬಣ್ಣವೂ ಇಲ್ಲ. ದವಡೆಯ ವಕ್ರತೆಗೆ ಹೊಂದುವ, ಎತ್ತರವನ್ನು ನಮಗೆ ಬೇಕಾದಂತೆ ಇಟ್ಟುಕೊಳ್ಳಬಹುದಾದ ಬಾರ್ ಸಿಗುತ್ತದೆ. ಎತ್ತರವನ್ನು 3ರಿಂದ 4 ಮಿ.ಮೀ.ಗೆ ಏರಿಸಿದರೆ ಬಿಗುವು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ ಎಂಬುದು ವೈದ್ಯರು ಮೇಲೆ ಉದ್ದಕ್ಕೆ ಹೇಳಿದ ಘನದ ಲೆಕ್ಕವನ್ನೇ ಎತ್ತರಕ್ಕೆ ಅನ್ವಯಿಸಿದ್ದು. ಹೊಸ ಕೆಲಸಕ್ಕೆ ಬೆಸುಗೆಯನ್ನು ಆರಿಸಿಕೊಳ್ಳಲು ಈಗ ಬಲವಾದ ಕಾರಣ ನನಗಂತೂ ಕಾಣುವುದಿಲ್ಲ.

ಉತ್ತರ 6: ಬಾರ್ ಕೆಲಸದ ಹಿರಿಯ ತಂತ್ರಜ್ಞ

ಕೊರೆಯುವ ಸೌಲಭ್ಯ ಕೈಯಳತೆಯಲ್ಲಿರುವವರಿಗೆ ನಿಮ್ಮ ಮಾತು ಸರಿ, ಅದರಲ್ಲೂ ಉದ್ದನೆಯ, ಬಾಗಿದ ಬಾರ್‌ಗಳಿಗೆ ನಾನೂ ಅದನ್ನೇ ಆರಿಸುತ್ತೇನೆ. ಆದರೆ ತಪ್ಪು ಮಾದರಿಯನ್ನು ಸ್ಕ್ಯಾನ್ ಮಾಡಿ ಕೊರೆದ ಬಾರ್ ಕೂಡ ಬಾಯಲ್ಲಿ ಕೂರುವುದಿಲ್ಲ, ಮತ್ತು ಆಗ ಅದನ್ನು ಕತ್ತರಿಸಿ ಸರಿಪಡಿಸಲು ನೀವು ಬರುವುದು ಲೇಸರ್ ಯಂತ್ರದ ಬಳಿಗೇ. ಒಂದು ಇಂಪ್ಲಾಂಟ್ ವಿಫಲವಾಗಿ ಬೇರೆಡೆ ಹೊಸದು ಹಾಕಿದಾಗ ಹಳೆಯ ಬಾರಿಗೆ ಹೊಸ ಸಿಲಿಂಡರ್ ಸೇರಿಸಲು, ಡೆಂಚರನ್ನು ಹಿಡಿಯುವ ಸವೆದ ಅಟ್ಯಾಚ್‌ಮೆಂಟನ್ನು ಬದಲಿಸಲು ಕೂಡ ಬೆಸುಗೆ ಬೇಕು. ಪ್ರಶ್ನಿಸಿದವರ ಬಳಿ ಸಿದ್ಧ ತುಂಡುಗಳಿವೆ, ಬಾರಿನ ಭಾಗಗಳು ಚಿಕ್ಕವು ಮತ್ತು ನೇರವಾದವು. ಮೊಟ್ಟೆಯಾಕಾರದ ಬಾರಿನ ಕ್ಲಿಪ್‌ಗೆ ನೇರ ಭಾಗವೇ ಬೇಕು. ಈ ಕೆಲಸಕ್ಕೆ ಬೆಸುಗೆ ಧಾರಾಳವಾಗಿ ಸಾಕು.

ಪ್ರಶ್ನಿಸಿದವರಿಗೆ ಎರಡು ಎಚ್ಚರಿಕೆಗಳು ಬಾಕಿಯಿವೆ. ಎನ್‌ಡಿ-ಯಾಗ್ ಲೇಸರಿನ 1064 ನ್ಯಾನೋಮೀಟರ್ ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಮಸೂರ ಅದನ್ನು ನೇರ ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ಯಂತ್ರದ ಬೆಸುಗೆ ಕೋಣೆಯ ಮುಚ್ಚಳದ ಸುರಕ್ಷಾ ಸ್ವಿಚ್ಚನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಬೆಸುಗೆಯ ಬಳಿಕ ತೇಯುವಾಗ ಹುಟ್ಟುವ ಟೈಟಾನಿಯಂ ಧೂಳು ಹೊತ್ತಿಕೊಳ್ಳಬಲ್ಲದು, ಹೊತ್ತಿಕೊಂಡರೆ ಅದಕ್ಕೆ ನೀರು ಹಾಕುವಂತಿಲ್ಲ, ಒಣ ಮರಳೇ ಬೇಕು. ಹೀರುಯಂತ್ರದ ಚೀಲವನ್ನು ತುಂಬಲು ಬಿಡದೆ ಖಾಲಿ ಮಾಡುತ್ತಿರಿ. ತೇಯುವ ವೇಗ ಕಡಿಮೆಯಿರಲಿ, ಒತ್ತಡ ಹಗುರವಾಗಿರಲಿ. ಕಿಡಿ ಹಾರುವಷ್ಟು ಒತ್ತಿದರೆ ಬೆಸುಗೆಯಲ್ಲಿ ಗಾಳಿಯಿಂದ ಕಾಪಾಡಿದ ಲೋಹವನ್ನು ಪಾಲಿಷಿನಲ್ಲಿ ಸುಡುತ್ತೀರಿ. ಪಾಲಿಷ್ ಮಾಡುವಾಗ ಸಿಲಿಂಡರಿನ ಕೂರುವ ಮುಖಕ್ಕೆ ರಕ್ಷಣಾ ಅನಲಾಗ್ ತೊಡಿಸಿ, ಇಲ್ಲವಾದರೆ ಇಷ್ಟು ಹೊತ್ತು ಮೈಕ್ರಾನ್ ಲೆಕ್ಕದಲ್ಲಿ ಕಾಪಾಡಿದ ಅಂಚು ರಬ್ಬರ್ ಚಕ್ರಕ್ಕೆ ಸಿಕ್ಕಿ ದುಂಡಾಗುತ್ತದೆ. ಪ್ರಯೋಗಾಲಯದಲ್ಲಿ ಬಳಸಿದ ಸ್ಕ್ರೂಗಳನ್ನು ಬಾರಿನೊಂದಿಗೆ ಕಳುಹಿಸಬೇಡಿ. ಬಾಯಲ್ಲಿ ಹೊಸ ಸ್ಕ್ರೂಗಳನ್ನೇ ಹಾಕಿ, ತಯಾರಕರು ಸೂಚಿಸಿದ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಬಿಗಿಯಬೇಕೆಂದು ಕೆಲಸದ ಚೀಟಿಯಲ್ಲಿ ಬರೆದು ಕಳುಹಿಸಿ.